ಮೂರು ಅಡಿಯ ಅಂತರ

ಕರ್ಣಪರ್ವವನ್ನು ತರಗತಿಯಲ್ಲಿ ಪಾಠ ಹೇಳುವ ಅಧ್ಯಾಪಕರಿಗೆಲ್ಲ ಒಂದು ಸಮಾನ ಅನುಭವವಿರುತ್ತದೆ. ಸರ್ಪಾಸ್ತ್ರದ ಪ್ರಸಂಗ ಬಂದೊಡನೆ, ಅದುವರೆಗೆ ಕಿಟಕಿಯಾಚೆ ನೋಡುತ್ತ ಕುಳಿತಿದ್ದ ಹಿಂದಿನ ಬೆಂಚಿನ ಹುಡುಗನೂ ತಲೆಯೆತ್ತುತ್ತಾನೆ. ಕರ್ಣ ಬಾಣವನ್ನು ತೊಡುತ್ತಾನೆ. ಗುರಿಯನ್ನು ಬದಲಿಸೆಂದು ಶಲ್ಯ ಹೇಳುತ್ತಾನೆ; ಕರ್ಣ ಒಪ್ಪುವುದಿಲ್ಲ. ಅಸ್ತ್ರ ಹೊರಟಾಗ ಕೃಷ್ಣ ರಥವನ್ನು ನೆಲಕ್ಕೆ ಅಮುಕುತ್ತಾನೆ. ಕೊರಳನ್ನು ಕೊಯ್ಯಬೇಕಾಗಿದ್ದುದು ಕಿರೀಟವನ್ನು ಹಾರಿಸಿಕೊಂಡು ಹೋಗುತ್ತದೆ. ಆಗ ಪ್ರತಿವರ್ಷವೂ ಯಾರಾದರೊಬ್ಬರು ತಪ್ಪದೆ ಕೇಳುತ್ತಾರೆ: “ಸಾರ್, ಇನ್ನು ನಾಲ್ಕಂಗುಲ ಕೆಳಗೆ ಬಿಟ್ಟಿದ್ದರೆ?” ಈ ಪ್ರಶ್ನೆಗೆ ನಾನು ಎಂದೂ ಸರಿಯಾದ ಉತ್ತರ ಕೊಟ್ಟವನಲ್ಲ. ಮುಗುಳ್ನಕ್ಕು ಮುಂದಿನ ಪದ್ಯಕ್ಕೆ ಹೋಗುತ್ತ ಬಂದಿದ್ದೇನೆ.

ಇದೇ ಪ್ರಶ್ನೆಯನ್ನು, ಅಂಗುಲಗಳ ಬದಲು ಅಡಿಗಳ ಲೆಕ್ಕದಲ್ಲಿ, ಭೂಗೋಲದ ಆ ಬದಿಯ ಊರೊಂದು ಅರುವತ್ತು ವರ್ಷಗಳಿಂದ ಕೇಳಿಕೊಳ್ಳುತ್ತಿದೆಯೆಂದು ನನಗೆ ತಿಳಿದದ್ದು 2023ರ ಬೇಸಗೆಯ ರಜೆಯಲ್ಲಿ. ನನ್ನ ತಂಗಿ ಕ್ಯಾಲಿಫೋರ್ನಿಯದಲ್ಲಿ ನೆಲೆಸಿ ಹದಿನೈದು ವರ್ಷಗಳಾದುವು. ಅವಳ ಮಗನಿಗೆ ಹದಿನಾಲ್ಕು. ಕನ್ನಡವನ್ನು ಮನೆಯಲ್ಲಿ ಆಡುತ್ತಾನೆ, ಬೇಸ್‌ಬಾಲನ್ನು ಹೊರಗೆ ಆಡುತ್ತಾನೆ. ಎರಡರಲ್ಲಿ ಎರಡನೆಯದೇ ಅವನಿಗೆ ಹೆಚ್ಚು ಸಹಜವೆಂದು ಸೋದರಮಾವನಾದ ನಾನು ಒಪ್ಪಿಕೊಳ್ಳಲೇಬೇಕು. ಒಂದು ಶನಿವಾರ ಅವನು ನಮ್ಮನ್ನು ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡದ ಮೈದಾನವನ್ನು ತೋರಿಸಲು ಕರೆದುಕೊಂಡು ಹೋದ. ಮೈದಾನದ ಬಲಗೋಡೆಗೆ ತಾಗಿಯೇ ಕೊಲ್ಲಿಯ ನೀರು. ಆಟದ ದಿನ ದಾಂಡಿಗರು ಗೋಡೆಯಾಚೆಗೆ ಎತ್ತಿಹೊಡೆದ ಚೆಂಡನ್ನು ಹೆಕ್ಕಲು ಜನ ಪುಟ್ಟ ದೋಣಿಗಳಲ್ಲಿ ಅಲ್ಲಿ ತೇಲುತ್ತ ಕಾಯುತ್ತಾರಂತೆ. ಆ ನೀರಿಗೆ ‘ಮೆಕೋವಿ ಕೋವ್’ ಎಂದು ಹೆಸರು. ದಾಂಡನ್ನು ಬೀಸಿ ನಿಂತ ಎತ್ತರದ ಕರಿಯ ಆಟಗಾರನೊಬ್ಬನ ಪ್ರತಿಮೆಯೂ ಆ ನೀರಿನ ನೆರೆಯಲ್ಲೇ ಇದೆ.

“ಯಾರಪ್ಪ ಇವರು?” ಎಂದೆ.

“ವಿಲ್ಲಿ ಮೆಕೋವಿ, ಮಾವ. ಐನೂರ ಇಪ್ಪತ್ತೊಂದು ಸಲ ಚೆಂಡನ್ನ ಬೇಲಿಯಾಚೆ ಹೊಡೆದಿದ್ದಾರೆ. ಆದ್ರೆ ಇಲ್ಲಿನ ಹಳಬರು ನೆನಪಿಟ್ಕೊಂಡಿರೋದು ಅವರು ಔಟಾಗಿದ್ದನ್ನ.”

521 ಹೊಡೆತಗಳ ವೀರನನ್ನು ಒಂದು ಔಟಿಗಾಗಿ ನೆನೆಯುವುದೆಂದರೆ ಎಲ್ಲಿಯ ನ್ಯಾಯ? ಅಂದು ರಾತ್ರಿಯೇ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಚಾರಕ್ಕೆ ತೊಡಗಿದೆ. ಆಟದ ಮೈದಾನಕ್ಕೂ ನನಗೂ ಬಾಲ್ಯದಿಂದಲೇ ಸ್ನೇಹವಿಲ್ಲ; ಶಾಲೆಯ ಕ್ರಿಕೆಟ್ಟಿನಲ್ಲಿ ಚೆಂಡು ಬಾರದ ಮೂಲೆಯನ್ನು ಹುಡುಕಿ ನನ್ನನ್ನು ಅಲ್ಲಿ ನಿಲ್ಲಿಸುತ್ತಿದ್ದರು. ಆದರೂ ಊರಿಗೆ ಮರಳುವವರೆಗಿನ ಮೂರು ವಾರಗಳಲ್ಲಿ ಅಂದಿನ ಆಟದ ವರದಿಗಳನ್ನೂ ಅಂಕಪಟ್ಟಿಯನ್ನೂ ಉಳಿದ ಚಿತ್ರತುಣುಕುಗಳನ್ನೂ ಹಳಗನ್ನಡದ ಹಸ್ತಪ್ರತಿಯನ್ನು ಹಿಡಿದವನಂತೆ ಮತ್ತೆ ಮತ್ತೆ ನೋಡಿದೆನೆಂದರೆ ಅದರಲ್ಲಿ ಏನೋ ಇರಬೇಕು.

ಕ್ರಿಕೆಟ್ ಬಲ್ಲ ನಮ್ಮ ವಾಚಕರಿಗೆ ಬೇಸ್‌ಬಾಲನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಪಿಚರ್ ಎಂಬ ಎಸೆತಗಾರ ಮಣ್ಣಿನ ಸಣ್ಣ ದಿಬ್ಬದ ಮೇಲೆ ನಿಂತು, 60 ಅಡಿ 6 ಅಂಗುಲ ದೂರದಲ್ಲಿರುವ ದಾಂಡಿಗನತ್ತ ಚೆಂಡನ್ನು ನೆಲ ತಾಗಿಸದೆ ಎಸೆಯುತ್ತಾನೆ. ದಾಂಡಿಗನ ಮುಂದೆ ಮೊಣಕಾಲಿನಿಂದ ಎದೆಯವರೆಗೆ ಕಣ್ಣಿಗೆ ಕಾಣದ ಒಂದು ಚೌಕಟ್ಟಿದೆ. ಅದರೊಳಗೆ ಬಂದುದನ್ನು ಬಿಟ್ಟರೂ ತಪ್ಪು, ಬೀಸಿ ತಾಗಿಸದಿದ್ದರೂ ತಪ್ಪು. ಮೂರು ತಪ್ಪಿಗೆ ಔಟು. ಎಸೆತಗಾರ ಚೌಕಟ್ಟಿನ ಹೊರಗೆ ನಾಲ್ಕು ಸಲ ಎಸೆದರೆ ದಾಂಡಿಗನಿಗೆ ಮೊದಲ ನೆಲೆಗೆ ನಡೆದುಹೋಗುವ ಹಕ್ಕು. ತೊಂಬತ್ತು ತೊಂಬತ್ತು ಅಡಿಗೊಂದರಂತೆ ಮೂರು ನೆಲೆಗಳು, ನಾಲ್ಕನೆಯದು ದಾಂಡಿಗ ಹೊರಟ ಸ್ಥಳವೇ. ಅದನ್ನು ಅವರು ‘ಮನೆ’ ಎಂದೇ ಕರೆಯುತ್ತಾರೆ. ಮನೆಯಿಂದ ಹೊರಟವನು ಊರೆಲ್ಲ ಸುತ್ತಿ ಮನೆಗೆ ಮರಳಿದರೆ ಒಂದು ಓಟ. ಮೂವರು ಔಟಾದರೆ ಸರದಿ ಮುಗಿಯಿತು. ಒಂದೊಂದು ತಂಡಕ್ಕೆ ಒಂಬತ್ತು ಸರದಿ. ಕ್ರಿಕೆಟ್ಟಿನಲ್ಲಿ ಓಟವೆಂಬುದು ಹಳ್ಳಿಯ ಸಂತೆಯ ಕಡಲೆಕಾಯಿಯಂತೆ, ಬೊಗಸೆಗಟ್ಟಲೆ ಸಿಗುತ್ತದೆ. ಇಲ್ಲಿ ಅದು ಅಕ್ಕಸಾಲಿಗನ ತಕ್ಕಡಿಯ ಸರಕು.

ಅಮೆರಿಕದಲ್ಲಿ ವೃತ್ತಿ ತಂಡಗಳ ಎರಡು ಕೂಟಗಳಿವೆ. ಎರಡರ ವಿಜೇತರೂ ಶರತ್ಕಾಲದಲ್ಲಿ ಎದುರಾಗಿ ನಾಲ್ಕು ಆಟ ಮೊದಲು ಗೆದ್ದವರು ಆ ವರ್ಷದ ಚಾಂಪಿಯನ್ನರಾಗುತ್ತಾರೆ. 1962ರಲ್ಲಿ ಹಾಗೆ ಎದುರಾದವರು ನ್ಯೂಯಾರ್ಕ್ ಯಾಂಕೀಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್. ಜೈಂಟ್ಸ್ ತಂಡವೂ ಮೊದಲು ನ್ಯೂಯಾರ್ಕಿನದೇ; 1958ರಲ್ಲಿ ಪಶ್ಚಿಮ ತೀರಕ್ಕೆ ಗುಳೆ ಬಂದಿತ್ತು. ಹೊಸ ಊರಿಗೆ ಇನ್ನೂ ಒಂದು ಕಿರೀಟವನ್ನೂ ತಂದುಕೊಟ್ಟಿರಲಿಲ್ಲ. ಅಕ್ಟೋಬರ್ 4ರಂದು ಆರಂಭವಾದ ಸರಣಿ ಮಳೆಯ ಕಾಟದಿಂದ ಎಳೆದಾಡಿಕೊಂಡು ನಡೆಯಿತು. ಐದು ಆಟ ಮುಗಿದ ಮೇಲೆ ಪೆಸಿಫಿಕ್ ತೀರಕ್ಕೆ ಭಾರಿ ಬಿರುಗಾಳಿಯೇ ಬಡಿಯಿತು. ಆರನೆಯ ಆಟ ದಿನಗಟ್ಟಲೆ ಮುಂದೆ ಹೋಯಿತು. ನೆನೆದ ಹುಲ್ಲನ್ನು ಒಣಗಿಸಲು ಮೈದಾನದ ಮೇಲೆ ಹೆಲಿಕಾಪ್ಟರುಗಳನ್ನು ತಗ್ಗಾಗಿ ಹಾರಿಸಿದರಂತೆ. ಈ ನೆನೆದ ಹುಲ್ಲನ್ನು ವಾಚಕರು ನೆನಪಿನಲ್ಲಿಡಬೇಕು. ಆರು ಆಟಗಳಲ್ಲಿ ಇಬ್ಬರೂ ಮೂರು ಮೂರು ಗೆದ್ದರು. ಏಳನೆಯದು ಅಕ್ಟೋಬರ್ 16ರಂದು, ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ.

ಯಾಂಕೀಸ್ ಪರವಾಗಿ ದಿಬ್ಬವನ್ನೇರಿದವನು ರಾಲ್ಫ್ ಟೆರಿ. ಈ ಮನುಷ್ಯನ ಹಿಂದಿನ ಕಥೆ ತಿಳಿಯದೆ ಅಂದಿನ ಆಟ ಅರ್ಥವಾಗದು. ಎರಡು ವರ್ಷದ ಹಿಂದೆ, 1960ರ ಅಕ್ಟೋಬರ್ 13ರಂದು, ಪಿಟ್ಸ್‌ಬರ್ಗ್ ನಗರದಲ್ಲಿ ಇಂಥದೇ ಏಳನೆಯ ಆಟ, ಇದೇ ಕೊನೆಯ ಸರದಿ, 9-9ರ ಸಮಸ್ಥಿತಿ. ಚೆಂಡು ಟೆರಿಯ ಕೈಯಲ್ಲಿತ್ತು. ಬಿಲ್ ಮ್ಯಾಜರಾಸ್ಕಿ ಎಂಬ ದಾಂಡಿಗ ಅವನ ಎರಡನೆಯ ಎಸೆತವನ್ನೇ ಬೇಲಿಯಾಚೆಗೆ ಎತ್ತಿದ. ಅಲ್ಲಿಗೆ ಸರಣಿ ಮುಗಿಯಿತು, ಯಾಂಕೀಸ್ ಸೋತಿತು. ಗೆದ್ದವನು ಕುಣಿಯುತ್ತ ನೆಲೆಗಳನ್ನು ಸುತ್ತುವುದನ್ನು ಅಮೆರಿಕವೆಲ್ಲ ನೋಡಿತು, ದಿಬ್ಬದಿಂದ ಇಳಿದು ಹೋದವನನ್ನು ಯಾರು ನೋಡಿದರು? 1962ರಲ್ಲಿ ಟೆರಿ 23 ಆಟ ಗೆದ್ದ ನಿಜ. ಆದರೆ ಜೈಂಟ್ಸ್ ತಂಡದ ಪಿಚರ್ ಜ್ಯಾಕ್ ಸ್ಯಾನ್‌ಫರ್ಡ್ 24 ಗೆದ್ದಿದ್ದ, ಅದರಲ್ಲಿ 16 ಸತತವಾಗಿ. ಈ ಸರಣಿಯ ಎರಡನೆಯ ಆಟದಲ್ಲಿ ಸ್ಯಾನ್‌ಫರ್ಡ್ 2-0ಯಿಂದ ಟೆರಿಯನ್ನು ಸೋಲಿಸಿದ. ಐದನೆಯದರಲ್ಲಿ ಟೆರಿ 5-3ರಿಂದ ತೀರಿಸಿಕೊಂಡ. ಏಳನೆಯದು ಇಬ್ಬರಿಗೂ ಮೂರನೆಯ ಮುಖಾಮುಖಿ.

ಮೊದಲ ನಾಲ್ಕು ಸರದಿ ಯಾರಿಗೂ ಓಟವಿಲ್ಲ. ಐದನೆಯದರಲ್ಲಿ ಯಾಂಕೀಸ್ ತಂಡದ ಸ್ಕೌರನ್ ಮತ್ತು ಬಾಯರ್ ಒಬ್ಬರ ಹಿಂದೊಬ್ಬರು ಹೊಡೆದು ನೆಲೆ ಸೇರಿದರು. ಸ್ಕೌರನ್ ಮೂರನೆಯ ನೆಲೆಯಲ್ಲಿ, ಯಾರೂ ಔಟಾಗಿಲ್ಲ. ಆಗ ದಾಂಡು ಹಿಡಿದು ಬಂದವನು ಪಿಚರ್ ಟೆರಿಯೇ. ಅಂದಿನ ನಿಯಮದಂತೆ ಪಿಚರುಗಳೂ ದಾಂಡು ಹಿಡಿಯಬೇಕಿತ್ತು. ಅವರು ಹೊಡೆಯುತ್ತಾರೆಂದು ಯಾರೂ ನಿರೀಕ್ಷಿಸುತ್ತಿರಲಿಲ್ಲ. ವೈದಿಕರ ಮನೆಯ ಊಟದ ಪಂಕ್ತಿಯಲ್ಲಿ ಪೈಲ್ವಾನನಿಗೆ ಮಂತ್ರ ಹೇಳಲು ಹೇಳಿದಂತೆ ಅದೊಂದು ಮರ್ಯಾದೆಯ ಶಾಸ್ತ್ರ. ಅಂಥವನಿಗೆ ಸ್ಯಾನ್‌ಫರ್ಡ್ ಚೌಕಟ್ಟಿನ ಹೊರಗೆ ನಾಲ್ಕು ಎಸೆದು ಪುಕ್ಕಟೆ ನಡಿಗೆಯನ್ನು ಕೊಟ್ಟುಬಿಟ್ಟ! ಮೂರು ನೆಲೆಗಳೂ ತುಂಬಿದುವು.

ಈಗ ಜೈಂಟ್ಸ್ ತಂಡದವರು ಒಂದು ಲೆಕ್ಕ ಹಾಕಿದರು. ಒಳಮೈದಾನದ ಕಾವಲುಗಾರರು ಮುಂದೆ ಬಂದು ನಿಂತರೆ ಮನೆಗೆ ನುಗ್ಗುವವನನ್ನು ತಡೆಯಬಹುದು, ಆದರೆ ಚೆಂಡು ಅವರ ನಡುವೆ ತೂರಿ ಹೋದರೆ ಎರಡೋ ಮೂರೋ ಓಟ ಹೋದಂತೆ. ಹಿಂದೆ ನಿಂತರೆ ಒಂದೇ ಚೆಂಡಿನಲ್ಲಿ ಇಬ್ಬರನ್ನು ಔಟು ಮಾಡಬಹುದು, ಆದರೆ ಆ ನಡುವೆ ಮೂರನೆಯ ನೆಲೆಯವನು ಮನೆ ಸೇರುತ್ತಾನೆ. ಅವರು ಹಿಂದೆ ನಿಂತರು. ಟೋನಿ ಕುಬೆಕ್ ಚೆಂಡನ್ನು ನೆಲಕ್ಕೆ ಹೊಡೆದ. ಅಂದುಕೊಂಡಂತೆಯೇ ಇಬ್ಬರು ಔಟಾದರು. ಸ್ಕೌರನ್ ಮನೆ ಸೇರಿದ. ಒಂದು ಓಟ ತಾನೆ, ಇನ್ನೂ ಐದು ಸರದಿ ನಮ್ಮ ಕೈಯಲ್ಲಿದೆ, ಎಂದು ಆ ನಲವತ್ತನಾಲ್ಕು ಸಾವಿರ ಪ್ರೇಕ್ಷಕರಲ್ಲಿ ಬಹುಮಂದಿ ಸಮಾಧಾನದ ಉಸಿರು ಬಿಟ್ಟಿರಬೇಕು. ಅಂದಿನ ಆಟಕ್ಕೆಲ್ಲ ಆದ ಓಟ ಅದೊಂದೇ.

ಬೇಸ್‌ಬಾಲ್ ಲೆಕ್ಕಿಗರು ಯಾವ ಓಟ ಯಾವ ದಾಂಡಿಗನ ಹೊಡೆತದಿಂದ ಬಂತೆಂದು ಅವನ ಹೆಸರಿಗೆ ಜಮಾ ಬರೆಯುತ್ತಾರೆ. ಇಬ್ಬರು ಔಟಾಗುವಂತೆ ಹೊಡೆದವನಿಗೆ ಮಾತ್ರ ಆ ಪುಣ್ಯ ಸಲ್ಲುವುದಿಲ್ಲ. ಹೀಗಾಗಿ ವರ್ಷವಿಡೀ ನಡೆದ ಸ್ಪರ್ಧೆಯ ಕಿರೀಟವನ್ನು ತೀರ್ಮಾನಿಸಿದ ಓಟವು ಯಾರ ಖಾತೆಗೂ ಸೇರದೆ ಅನಾಥವಾಗಿ ಉಳಿಯಿತು. ಕುಬೆಕನ ಬದಲು ಸ್ಯಾನ್‌ಫರ್ಡನ ಹೆಸರಿಗೇ ಅದನ್ನು ಬರೆಯಬೇಕಿತ್ತೆಂದು ನನ್ನ ಅಭಿಪ್ರಾಯ. ಹಿಂದೆ ನಿಂತದ್ದು ತಪ್ಪಲ್ಲ, ವಿವೇಕವೇ. ಹೊಡೆಯಲಾರದವನನ್ನು ನಡೆಸಿದ್ದು ತಪ್ಪು.

ಯಾಂಕೀಸ್ ತಂಡದವರೂ ಕೈಗೆ ಬಂದುದನ್ನು ಚೆಲ್ಲುವುದರಲ್ಲಿ ಹಿಂದೆ ಬೀಳಲಿಲ್ಲ. ಎಂಟನೆಯ ಸರದಿಯಲ್ಲಿ ಮತ್ತೆ ಮೂರು ನೆಲೆಗಳೂ ತುಂಬಿದುವು, ಮತ್ತೆ ಯಾರೂ ಔಟಾಗಿರಲಿಲ್ಲ. ಜೈಂಟ್ಸ್ ಸ್ಯಾನ್‌ಫರ್ಡನನ್ನು ಇಳಿಸಿ ಬಿಲ್ಲಿ ಓಡೆಲ್ ಎಂಬುವನನ್ನು ದಿಬ್ಬಕ್ಕೆ ಕಳಿಸಿತು. ಎದುರಿಗೆ ಬಂದವನು ಹಿಂದಿನ ವರ್ಷ ಒಂದೇ ಋತುವಿನಲ್ಲಿ 61 ಸಲ ಚೆಂಡನ್ನು ಬೇಲಿ ದಾಟಿಸಿ ದಾಖಲೆ ಮಾಡಿದ ರಾಜರ್ ಮ್ಯಾರಿಸ್. ಅವನು ನೆಲಕ್ಕೆ ಹೊಡೆದ ಚೆಂಡನ್ನು ಮನೆಗೆಸೆದು ಒಬ್ಬನನ್ನು ಔಟು ಮಾಡಿದರು. ಮುಂದಿನವನಾದ ಎಲ್‌ಸ್ಟನ್ ಹೋವರ್ಡ್ ಹೊಡೆದುದಕ್ಕೆ ಇಬ್ಬರು ಔಟು. ಓಟ ಸೊನ್ನೆ. ಎರಡು ಸಲ ಮೂರು ನೆಲೆ ತುಂಬಿಯೂ ಅಷ್ಟು ದೊಡ್ಡ ತಂಡಕ್ಕೆ ದಕ್ಕಿದ್ದು ಅನಾಥವಾದ ಆ ಒಂದೇ ಓಟ. ಅದನ್ನು ಹಿಡಿದುಕೊಂಡು ಟೆರಿ ಕೊನೆಯವರೆಗೆ ಕಾಯಬೇಕಾಯಿತು.

ಟೆರಿಯ ಎಸೆತದ ಬಗೆಗೆ ಹೇಳುವುದು ಕಷ್ಟ, ಏಕೆಂದರೆ ಹೇಳುವುದಕ್ಕೆ ಏನೂ ಆಗಲಿಲ್ಲ. ಅದೇ ಅದರ ಹೆಚ್ಚಳ. ಮೊದಲ 17 ಮಂದಿ ಬಂದಂತೆಯೇ ಹಿಂದಿರುಗಿದರು. ಆರನೆಯ ಸರದಿಯಲ್ಲಿ ಇಬ್ಬರು ಔಟಾದ ಮೇಲೆ ಹದಿನೆಂಟನೆಯವನಾಗಿ ಬಂದ ಸ್ಯಾನ್‌ಫರ್ಡ್, ಹೊಡೆಯಬಾರದ ಪಿಚರ್, ಮೊದಲ ಹೊಡೆತವನ್ನು ಹೊಡೆದು ನೆಲೆ ಸೇರಿದ, ಮುಂದೆ ಹೋಗಲಿಲ್ಲ. ಇಡೀ ಆಟದಲ್ಲಿ ಟೆರಿ ಯಾರಿಗೂ ಪುಕ್ಕಟೆ ನಡಿಗೆ ಕೊಡಲಿಲ್ಲ. ಅವನಿಂದ ಹೊಡೆತ ಪಡೆದವರು ನಾಲ್ವರೇ. ಅಂಕಪಟ್ಟಿಯಲ್ಲಿ ಸಾಲುಸಾಲಾಗಿ ನಿಂತ ಸೊನ್ನೆಗಳನ್ನು ನೋಡುತ್ತಿದ್ದಾಗ, ಪ್ರಾಸ ತಪ್ಪದೆ ಗಣ ತಪ್ಪದೆ ಸಾಗುವ ಪದ್ಯಗಳನ್ನು ಯಾರೂ ನಿಂತು ಮೆಚ್ಚುವುದಿಲ್ಲವಲ್ಲ ಎನಿಸಿತು. ತಪ್ಪಿದ ಕಡೆ ಮಾತ್ರ ಎಲ್ಲರ ಬೆರಳೂ ಹೋಗುತ್ತದೆ.

ಏಳನೆಯ ಸರದಿಯಲ್ಲಿ ವಿಲ್ಲಿ ಮೇಸ್ ಎಡಮೈದಾನಕ್ಕೆ ಹೊಡೆದ ಚೆಂಡು ಹೊಡೆತವೇ ಆಗಬೇಕಾಗಿತ್ತು. ಟಾಮ್ ಟ್ರೆಶ್ ಎಂಬ ತರುಣ ಓಡಿಬಂದು ಅದನ್ನು ಹಿಡಿದ. ಇಬ್ಬರು ಔಟಾದಂತಾಯಿತು. ಮರುಗಳಿಗೆಯಲ್ಲೇ ಮೆಕೋವಿ ಚೆಂಡನ್ನು ಮಧ್ಯಮೈದಾನದ ಆಳಕ್ಕೆ ಅಟ್ಟಿ ಮೂರನೆಯ ನೆಲೆಯವರೆಗೆ ಓಡಿದ. ಮೇಸ್ ನೆಲೆಯಲ್ಲಿದ್ದಿದ್ದರೆ ಆ ಹೊಡೆತಕ್ಕೆ ನಡೆದುಕೊಂಡೇ ಮನೆ ಸೇರಬಹುದಿತ್ತು! ಮುಂದಿನವನು ಓರ್ಲಾಂಡೋ ಸೆಪೆಡ, ಹೆಸರಾದ ದಾಂಡಿಗ. ಟೆರಿ ಅವನಿಗೆ ಚೆಂಡನ್ನು ತಾಗಗೊಡದೆ ಔಟು ಮಾಡಿದ. ಮೂರನೆಯ ನೆಲೆಯಲ್ಲಿ ನಿಂತಿದ್ದ ಮೆಕೋವಿಗೆ ಮನೆ ತೊಂಬತ್ತೇ ಅಡಿ ದೂರ.

ಇನ್ನು ಒಂಬತ್ತನೆಯ, ಕೊನೆಯ ಸರದಿ. ಓಡೆಲ್ ಬದಲಿಗೆ ದಾಂಡು ಹಿಡಿದು ಬಂದವನು ಮ್ಯಾಟಿ ಅಲೂ. ಅವನು ‘ಬಂಟ್’ ಎಂಬ ತಂತ್ರವನ್ನು ಹೂಡಿದ: ದಾಂಡನ್ನು ಬೀಸದೆ ಅಡ್ಡ ಹಿಡಿದು ಚೆಂಡನ್ನು ಮೆಲ್ಲಗೆ ಮುಂದೆ ಬೀಳಿಸಿ ಓಡುವುದು. ಸಫಲವಾಯಿತು, ಮ್ಯಾಟಿ ಮೊದಲ ನೆಲೆಯಲ್ಲಿ ನಿಂತ. ಮುಂದಿನವನು ಅವನ ಅಣ್ಣ, ಡೊಮಿನಿಕನ್ ಗಣರಾಜ್ಯದಿಂದ ಬಂದ ಫೆಲಿಪೆ ಅಲೂ. ಅವನಿಗೂ ಬಂಟ್ ಮಾಡಲು ಹೇಳಿದರು. ಈ ಸಲದ ಉದ್ದೇಶ ಬೇರೆ. ತಾನು ಔಟಾದರೂ ಚಿಂತೆಯಿಲ್ಲ, ಮೊದಲ ನೆಲೆಯಲ್ಲಿರುವವನು ಎರಡನೆಯದಕ್ಕೆ ಸರಿಯಬೇಕು. ಅವರ ಭಾಷೆಯಲ್ಲಿ ಇದಕ್ಕೆ ‘ಬಲಿದಾನದ ಬಂಟ್’ ಎಂದು ಹೆಸರು. ಆ ಶಬ್ದಕ್ಕೂ ನಮ್ಮ ‘ಬಂಟ’ನಿಗೂ ನಂಟೇನೂ ಇಲ್ಲ. ಆದರೂ ಒಡೆಯನಿಗಾಗಿ ತನ್ನನ್ನು ತೆತ್ತುಕೊಳ್ಳುತ್ತಿದ್ದ ವೇಳೆವಾಳಿಗಳ ವೀರಗಲ್ಲುಗಳನ್ನು ಕಂಡ ನಾಡಿನವನಿಗೆ ಆ ಹೆಸರು ಕೇಳಿದಾಗ ಕಿವಿ ನೆಟ್ಟಗಾಗದಿರದು. ಫೆಲಿಪೆ ಆ ವರ್ಷ 25 ಸಲ ಬೇಲಿ ದಾಟಿಸಿದ್ದ ಬಲಶಾಲಿ. ಬಂಟ್ ಅವನ ದಿನನಿತ್ಯದ ಕೆಲಸವಲ್ಲ. ಪ್ರಯತ್ನಿಸಿದ, ಚೆಂಡು ಗೆರೆಯಾಚೆ ಹೋಯಿತು. ಕೊನೆಗೆ ಬೀಸಿ, ತಾಗದೆ ಔಟಾದ. ಮ್ಯಾಟಿ ಇದ್ದಲ್ಲಿಯೇ ಇದ್ದ. ಆಮೇಲೆ ಬಂದ ಚಕ್ ಹಿಲ್ಲರ್ ಕೂಡ ಹಾಗೆಯೇ ಔಟಾದ.

ಇನ್ನು ಉಳಿದುದು ಒಂದೇ ಔಟು. ವಿಲ್ಲಿ ಮೇಸ್ ಬಂದ. ಬಲಮೂಲೆಗೆ ಹೊಡೆದ. ಒಣಗಿದ ನೆಲವಾಗಿದ್ದರೆ ಚೆಂಡು ಬೇಲಿಯವರೆಗೆ ಉರುಳುತ್ತಿತ್ತು. ನೆನೆದ ಹುಲ್ಲು ಅದರ ಕಾಲು ಹಿಡಿಯಿತು. ಮ್ಯಾರಿಸ್ ಅಡ್ಡಹಾಯ್ದು ಅದನ್ನೆತ್ತಿ ಎರಡನೆಯ ನೆಲೆಯ ಕಾವಲಿನ ಬಾಬಿ ರಿಚರ್ಡ್‌ಸನ್ನನಿಗೆ ಎಸೆದ. ಅವನು ಮನೆಯತ್ತ ತಿರುಗಿದ. ಮ್ಯಾಟಿ ಆಗ ಮೂರನೆಯ ನೆಲೆಯನ್ನು ಸಮೀಪಿಸಿದ್ದ. ಅಲ್ಲಿ ನಿಂತಿದ್ದ ತರಬೇತುದಾರ ವೈಟಿ ಲಾಕ್‌ಮನ್ ಎರಡು ಕೈಗಳನ್ನೂ ಎತ್ತಿ ಅವನನ್ನು ತಡೆದ. ಓಡಿಸಬೇಕಿತ್ತು, ಓಡಿಸಬಾರದಿತ್ತು ಎಂಬ ವಾದ ಆಮೇಲೆ ಎಷ್ಟೋ ವರ್ಷ ನಡೆಯಿತು. ಚಿತ್ರತುಣುಕನ್ನು ನೋಡಿದ ಮೇಲೆ ನಾನು ಲಾಕ್‌ಮನ್ ಪಕ್ಷ. ಮ್ಯಾಟಿ ಮನೆಯ ಮುಂದೆ ಸಿಕ್ಕಿಬೀಳುತ್ತಿದ್ದ; ಮುಂದೆ ಬರಲಿದ್ದವನು ಮೆಕೋವಿ.

ಯಾಂಕೀಸ್ ತಂಡದ ಮ್ಯಾನೇಜರ್ ರಾಲ್ಫ್ ಹೌಕ್ ದಿಬ್ಬಕ್ಕೆ ನಡೆದುಬಂದ. ಎರಡನೆಯ ಮೂರನೆಯ ನೆಲೆಗಳಲ್ಲಿ ಎದುರಾಳಿಗಳಿದ್ದಾರೆ, ಮೊದಲ ನೆಲೆ ಖಾಲಿಯಿದೆ. ಬಲಗೈ ಎಸೆತಗಾರನಿಗೆ ಎಡಗೈ ದಾಂಡಿಗ ಮೆಕೋವಿ ಅಪಾಯಕಾರಿ. ಇದೇ ಸರಣಿಯಲ್ಲಿ ಅವನು ಟೆರಿಯ ಎಸೆತವನ್ನು ಒಮ್ಮೆ ಬೇಲಿ ದಾಟಿಸಿದ್ದ, ಇದೇ ಆಟದಲ್ಲಿ ಮೂರು ನೆಲೆ ಓಡಿದ್ದ. ಬೇಕೆಂದೇ ಅವನನ್ನು ನಡೆಸಿ ಬಲಗೈಯ ಸೆಪೆಡನಿಗೆ ಎಸೆಯುವುದು ಶಾಸ್ತ್ರಸಮ್ಮತ ದಾರಿ. ಆದರೆ ನೆಲೆಗಳೆಲ್ಲ ತುಂಬಿದ ಮೇಲೆ ಚೌಕಟ್ಟಿನ ಹೊರಗೆ ನಾಲ್ಕು ಎಸೆತ ಬಿದ್ದರೂ ಸಾಕು, ಓಟ ಸಮವಾಗುತ್ತದೆ. ತೀರ್ಮಾನವನ್ನು ಹೌಕ್ ಟೆರಿಗೇ ಬಿಟ್ಟ. ಎರಡು ವರ್ಷದ ಹಿಂದೆ ಕೊನೆಯ ಎಸೆತದಲ್ಲಿ ಎಲ್ಲವನ್ನೂ ಕಳೆದುಕೊಂಡಿದ್ದವನು ಮೆಕೋವಿಗೇ ಎಸೆಯುವೆನೆಂದ. ಶಲ್ಯನ ಮಾತು, ಕರ್ಣನ ಮಾತು ನನಗೆ ನೆನಪಾದದ್ದು ಇಲ್ಲಿ. ಹೌಕ್ ಶಲ್ಯನಂತೆ ಸಾರಥ್ಯ ಬಿಟ್ಟು ಹೋಗಲಿಲ್ಲ, ಅಷ್ಟೇ ವ್ಯತ್ಯಾಸ.

ಮೆಕೋವಿ ಮೊದಲು ಹೊಡೆದುದು ದೂರ ಹೋಗಿ ಗಡಿಗೆರೆಯ ಹೊರಕ್ಕೆ ಬಾಗಿತು. ಮತ್ತೊಮ್ಮೆ ಹೊಡೆದುದು ನೇರವಾಗಿ, ಬಿರುಸಾಗಿ, ನೆಲಕ್ಕೆ ಸಮಾನಾಂತರವಾಗಿ ಹೊರಟಿತು. ಆ ಬಿರುಸಿನ ಚೆಂಡು ಎಡಕ್ಕೋ ಬಲಕ್ಕೋ ಮೇಲಕ್ಕೋ ಮೂರಡಿ ಸರಿದಿದ್ದರೆ ಇಬ್ಬರೂ ಮನೆ ಸೇರುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೋ ಚಾಂಪಿಯನ್. ಅದು ರಿಚರ್ಡ್‌ಸನ್ನನ ಕೈಗವುಸಿಗೇ ಬಂತು. ಅವನು ಜಿಗಿಯಬೇಕಾಗಲಿಲ್ಲ. 1-0.

ಆ ವರ್ಷದ ಡಿಸೆಂಬರಿನಲ್ಲಿ, ಆ ಪ್ರಾಂತದಲ್ಲೇ ನೆಲೆಸಿದ್ದ ವ್ಯಂಗ್ಯಚಿತ್ರಕಾರ ಚಾರ್ಲ್ಸ್ ಷುಲ್ಜ್ ತನ್ನ ‘ಪೀನಟ್ಸ್’ ಚಿತ್ರಪಟ್ಟಿಯಲ್ಲಿ ಇಬ್ಬರು ಹುಡುಗರನ್ನು ಕಲ್ಲಿನಂತೆ ಕೂರಿಸಿದ. ಮೂರು ಚೌಕಗಳಲ್ಲಿ ಮಾತಿಲ್ಲ. ನಾಲ್ಕನೆಯದರಲ್ಲಿ ಒಬ್ಬ ಹುಡುಗ, ಮೆಕೋವಿ ಮೂರೇ ಮೂರು ಅಡಿ ಮೇಲೆ ಹೊಡೆಯಬಾರದಿತ್ತೆ ಎಂದು ಲೋಕಕ್ಕೆ ಕೇಳುವಂತೆ ಗೋಳಿಡುತ್ತಾನೆ. ತಿಂಗಳ ಮೇಲೆ ಮತ್ತೆ ಅದೇ ಚಿತ್ರ, ಮೂರು ಅಡಿ ಎರಡಕ್ಕೆ ಇಳಿದಿತ್ತು. ಊರಿನ ದುಃಖಕ್ಕೆ ಅಂದಿನಿಂದ ಅಳತೆ ಗೊತ್ತಾಯಿತು. 1986ರಲ್ಲಿ ಆಟದ ಕೀರ್ತಿಮಂದಿರವನ್ನು ಸೇರಿದಾಗಲೂ ಮೆಕೋವಿಯ ಬೆನ್ನಿಗೆ ಆ ಮೂರಡಿ ಅಂಟಿಕೊಂಡೇ ಇತ್ತು. ಹೇಗೆ ನೆನೆಯಲ್ಪಡಬೇಕೆಂದು ಕೇಳಿದವರಿಗೆ, ರಿಚರ್ಡ್‌ಸನ್ನನ ತಲೆಯ ಮೇಲಿಂದ ಚೆಂಡನ್ನು ಹೊಡೆದವನೆಂದು ನೆನೆಯಿರಿ ಎಂಬ ಅರ್ಥದ ಮಾತು ಹೇಳಿ ನಕ್ಕನಂತೆ. ಜೈಂಟ್ಸ್ ತಂಡ ಆ ಊರಿಗೆ ಮೊದಲ ಕಿರೀಟವನ್ನು ತಂದದ್ದು 2010ರಲ್ಲಿ. ಕ್ಯಾಂಡಲ್‌ಸ್ಟಿಕ್ ಪಾರ್ಕನ್ನು 2015ರಲ್ಲಿ ಕೆಡವಿದರು. ಮೆಕೋವಿ 2018ರಲ್ಲಿ ತೀರಿಕೊಂಡ. ಸರಣಿಯ ಶ್ರೇಷ್ಠ ಆಟಗಾರನೆನಿಸಿದ ಟೆರಿ 2022ರಲ್ಲಿ.

ಎಲ್ಲವನ್ನೂ ಓದಿದ ಮೇಲೆ ನನಗೆ ಹೊಳೆದದ್ದು ಬೇರೊಂದು. ಆಟ ತಪ್ಪಿದ್ದು ಆ ಮೂರಡಿಯಲ್ಲಿ ಅಲ್ಲ. ಫೆಲಿಪೆಯ ಬಂಟ್ ನೆಲಕ್ಕೆ ಬಿದ್ದಿದ್ದರೆ ಮ್ಯಾಟಿ ಎರಡನೆಯ ನೆಲೆಯಲ್ಲಿರುತ್ತಿದ್ದ. ಹಿಲ್ಲರ್ ಔಟಾದರೂ ಸರಿಯೆ, ಮೇಸ್ ಹೊಡೆತಕ್ಕೆ ಮ್ಯಾಟಿ ಮನೆ ಸೇರಿ 1-1 ಆಗುತ್ತಿತ್ತು. ಲಾಕ್‌ಮನ್ ಕೈಯೆತ್ತಬೇಕಿರಲಿಲ್ಲ, ನೆನೆದ ಹುಲ್ಲನ್ನು ಬಯ್ಯಬೇಕಿರಲಿಲ್ಲ. ಹಾಗಿದ್ದೂ ಊರು ಮೂರಡಿಯನ್ನೇ ಹಿಡಿದುಕೊಂಡಿತು. ಮೂರಡಿ ಯಾರ ತಪ್ಪೂ ಅಲ್ಲ. ಅದರ ಮುಂದೆ ಕೂತು ನಿಶ್ಚಿಂತೆಯಿಂದ ಅಳಬಹುದು. ಬಂಟ್ ಒಬ್ಬನ ಕೈಯಲ್ಲಿತ್ತು. ಆ ಒಬ್ಬನು ಮಾತ್ರ ಮೂರಡಿಯ ಸಮಾಧಾನವನ್ನು ಸ್ವೀಕರಿಸಲಿಲ್ಲ. ಫೆಲಿಪೆ ಅಲೂ ಮುಂದೆ ದೊಡ್ಡ ಹೆಸರು ಮಾಡಿದ, ಅದೇ ಜೈಂಟ್ಸ್ ತಂಡಕ್ಕೆ ಮ್ಯಾನೇಜರನಾದ. ಮುಪ್ಪಿನಲ್ಲಿಯೂ ತನ್ನ ಆಟದ ಬಾಳಿನ ದೊಡ್ಡ ಕೊರಗು ಆ ಬಂಟೇ ಎಂದು ಒಪ್ಪಿಕೊಂಡಿದ್ದಾನೆ.

ಇಷ್ಟನ್ನೂ ಒಂದು ರಾತ್ರಿ ಊಟದ ಮೇಜಿನಲ್ಲಿ ಉಪನ್ಯಾಸದ ಧಾಟಿಯಲ್ಲಿ ತಂಗಿಗೆ ಹೇಳಿದೆ. ಹುಡುಗ ಮಲಗಲು ಹೋಗಿದ್ದ. ಅವಳು ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ಹೇಳಿದಳು:

“ಅಣ್ಣ, ನಂಗೂ ಒಂದು ಮೂರಡಿ ಇದೆ ಕಣೋ. ಅವತ್ತು ಮಂಗಳವಾರದ ವಿಮಾನ ಸಿಕ್ಕಿದ್ದಿದ್ರೆ ಅಪ್ಪನ್ನ ನೋಡ್ತಿದ್ದೆ. ಬುಧವಾರದ್ದು ಸಿಕ್ತು.”

ನಮ್ಮ ತಂದೆ ತೀರಿಕೊಂಡದ್ದು 2019ರಲ್ಲಿ. ತಂಗಿ ಬಂದಿಳಿಯುವ ಹೊತ್ತಿಗೆ ಎಲ್ಲ ಮುಗಿದು ಹತ್ತು ಗಂಟೆಯಾಗಿತ್ತು. ವಿಮಾನದಲ್ಲಿ ಸ್ಥಳ ಸಿಗಲಿಲ್ಲವೆಂದು ಅವಳು ಎಲ್ಲರ ಮುಂದೆಯೂ ಹೇಳಿಕೊಂಡು ಅತ್ತಿದ್ದಳು, ನಾನೂ ತಲೆಯಾಡಿಸಿದ್ದೆ. ಆದರೆ ಅದರ ಹಿಂದಿನ ಭಾನುವಾರ ಅವಳು ಫೋನು ಮಾಡಿದಾಗ ಮಾತಾಡಿದವನು ನಾನು. ಹೊರಟು ಬರಲೇ ಎಂದು ಅವಳು ಕೇಳಿದಳು. ಅಪ್ಪ ಆ ಬೆಳಗ್ಗೆ ಗಂಜಿ ಕುಡಿದಿರಲಿಲ್ಲ, ನನ್ನ ಗುರುತು ಹಿಡಿದಿರಲಿಲ್ಲ. ಅಷ್ಟು ದೂರದಿಂದ ಅವಳನ್ನೇಕೆ ಗಾಬರಿಗೊಳಿಸಲಿ ಎಂದೋ, ನಾನಿದ್ದೇನಲ್ಲ ಎಂಬ ಹಮ್ಮಿನಿಂದಲೋ, ಅವಸರವೇನಿಲ್ಲ, ನಿಧಾನವಾಗಿ ಬಾ ಎಂದಿದ್ದೆ. ನಾಲ್ಕು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಬಿದ್ದಿರಲಿಲ್ಲ, ಮಂಗಳವಾರದ ವಿಮಾನವಿತ್ತಲ್ಲ.

ಅಂದು ಹೇಳಿದೆ. ಗಂಜಿಯ ವಿಷಯವನ್ನೂ ಹೇಳಿದೆ.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಕೈಯನ್ನು ಸೆರಗಿಲ್ಲದ ಆ ದೇಶದ ಉಡುಪಿಗೆ ಒರೆಸಿಕೊಂಡಳು. ಆಮೇಲೆ ಎದುರಿನ ಕುರ್ಚಿಯಲ್ಲಿ ಬಂದು ಕುಳಿತು, “ಅಪ್ಪ ಆ ಭಾನುವಾರ ಇನ್ನೇನು ಮಾಡಿದ್ರು, ಎಲ್ಲಾ ಹೇಳು” ಎಂದಳು.